ಜಾರುವ ನಾಲ್ಕನೇ ದನಿ

ಮೇ ತಿಂಗಳ ಮಧ್ಯಾಹ್ನ ಗೋರೆಗಾಂವ್‌ನಲ್ಲಿ ಕಪ್ಪು ಕೋಟು ಹಾಕಿಕೊಂಡು ಓಡಾಡುವವರು ಎರಡೇ ಬಗೆ ಎಂದು ನಾನು ತಿಳಿದಿದ್ದೆ: ವಕೀಲರು ಮತ್ತು ಶೂಟಿಂಗಿನವರು. ಆ ದಿನ ಮೂರನೆಯ ಬಗೆಯವರು ನನ್ನ ಬಾಗಿಲಿಗೆ ಬಂದು ನಿಂತರು. ಒಬ್ಬಳು ಹುಡುಗಿ, ಒಬ್ಬ ಹುಡುಗ, ಇಬ್ಬರ ಕಣ್ಣಿಗೂ ದಪ್ಪ ಕಾಡಿಗೆ. ಬೆವರಿಗೆ ಅದು ಕೆನ್ನೆಯವರೆಗೆ ಇಳಿದಿತ್ತು. ಇಬ್ಬರ ನಡುವೆ ಗೋಧಡಿಯಲ್ಲಿ, ನಮ್ಮ ಕಡೆಯ ಕೌದಿಯಂಥದರಲ್ಲಿ, ಸುತ್ತಿದ ಉದ್ದನೆಯ ಭಾರವೊಂದಿತ್ತು. ನಮ್ಮ ಇಂಡಸ್ಟ್ರಿಯಲ್ ಎಸ್ಟೇಟಿನ ಲಿಫ್ಟು ಎಂದಿನಂತೆ ಕೆಟ್ಟಿದ್ದರಿಂದ ಅದನ್ನು ಮೆಟ್ಟಿಲ ಮೇಲೆ ಹೊತ್ತು ತಂದಿದ್ದರು. ನನ್ನದು ಶಟರ್ ಇರುವ ಒಂದೇ ಕೋಣೆ, ಇಲ್ಲಿಯವರು ಅದಕ್ಕೆ ಗಾಲಾ ಅನ್ನುತ್ತಾರೆ. ಅಲ್ಲಿ ನಾನು ಕೀಬೋರ್ಡು, ಮಿಕ್ಸರು, ಆಂಪ್ಲಿಫೈಯರುಗಳನ್ನು ರಿಪೇರಿ ಮಾಡುತ್ತೇನೆ.

"ಆಂಟಿ, ನೀವು ಕನ್ನಡ ಅಲ್ಲಾ? ಮಮ್ಮಿ ಹೇಳಿದಳು," ಎಂದಳು ಹುಡುಗಿ. "ಇದರದು ಆವಾಜ್ ಕಟ್ ಕಟ್ ಆಗ್ತದೆ. ಫುಲ್ ಸರ್ವಿಸ್ ಮಾಡಿ ಕೊಡ್ತೀರಾ?"

ಅವಳ ತಾಯಿ ಧಾರವಾಡದವಳು, ವಿಕ್ರೋಳಿಯಲ್ಲಿ ನಮ್ಮ ಹಳೆಯ ಬಿಲ್ಡಿಂಗಿನಲ್ಲೇ ಇದ್ದವಳು. ಮಗಳು ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲಿಯೇ. ಹಾಡುವವಳು ಇವಳು, ಬೇಸ್ ಗಿಟಾರು ಬಾರಿಸುವವನು ಆ ಹುಡುಗ. ತಾಳಕ್ಕೆ ಒಂದು ಯಂತ್ರ. ಇಷ್ಟೇ ಅವರ ಬ್ಯಾಂಡು. ತಿಂಗಳ ಕೊನೆಯಲ್ಲಿ ಅಂಧೇರಿಯ ಒಂದು ಹಾಲ್‌ನಲ್ಲಿ ಅವರ ಮೊದಲ ದೊಡ್ಡ ಕಾರ್ಯಕ್ರಮವಿತ್ತು.

ಗೋಧಡಿ ಬಿಚ್ಚಿದರೆ ಒಳಗೆ ಎಂಬತ್ತರ ದಶಕದ ಆರಂಭದ ಸಿಂಥಸೈಜರ್. ವಿಜಯಪುರದ ಕಡೆಯ ಒಬ್ಬ ಹಿರಿಯ ವಾದಕರು ಅದನ್ನು ಇವರಿಗೆ ಮಾರಿದ್ದರು. ಅವರು ಒಂದು ಕಾಲದಲ್ಲಿ ಸಿನಿಮಾ ಆರ್ಕೆಸ್ಟ್ರಾದಲ್ಲಿ ಇದನ್ನೇ ನುಡಿಸುತ್ತಿದ್ದರಂತೆ. ಇವರಿಬ್ಬರೂ ಹುಟ್ಟುವ ಎಷ್ಟೋ ಮೊದಲೇ ಯುರೋಪಿನ ಕಾರ್ಖಾನೆ ಊರುಗಳ ಹುಡುಗರು ಇಂಥ ಯಂತ್ರಗಳಲ್ಲಿ ಕಟ್ಟಿದ ಕತ್ತಲೆಯ ಪಾಪ್ ಸಂಗೀತಕ್ಕೆ ಇವರು ಮರುಳಾಗಿದ್ದರು. ಆ ಸಂಗೀತ ಇಷ್ಟು ದಿನ ಹೇಗೆ ಉಳಿಯಿತು, ಉಳಿದು ವಿಕ್ರೋಳಿಗೆ ಹೇಗೆ ಬಂತು ಎಂದು ನಾನು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಸ್ಕ್ರೂಡ್ರೈವರು.

ಕೆಲಸ ಕಷ್ಟದ್ದಾಗಿರಲಿಲ್ಲ, ಹೊಲಸಿನದಾಗಿತ್ತು. ಒಳಗೆ ಬೀಡಿ ಬೂದಿ, ಸೇಫ್ಟಿ ಪಿನ್ನು, ಒಣಗಿದ ಹಲ್ಲಿ ಎಲ್ಲ ಇದ್ದವು. ಪವರ್ ಸಪ್ಲೈಯ ಕೆಪಾಸಿಟರುಗಳು ಉಬ್ಬಿದ್ದವು, ಬದಲಿಸಿದೆ. ಪ್ರತಿ ಕೀ ಬಿಚ್ಚಿ ಕೆಳಗಿನ ತಾಮ್ರವನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಆಮೇಲೆ ಶ್ರುತಿಯ ಕೆಲಸಕ್ಕೆ ಕುಳಿತೆ.

ಇಲ್ಲಿ ಸ್ವಲ್ಪ ವಿವರಿಸಬೇಕು, ಮುಂದಿನ ತಲೆನೋವೆಲ್ಲ ಹುಟ್ಟಿದ್ದು ಇಲ್ಲಿಂದಲೇ. ಈ ಯಂತ್ರದ ಒಳಗೆ ಆರು ಪ್ರತ್ಯೇಕ ದನಿಗಳಿವೆ, ಆರು ಜನ ಹಾಡುವವರು ಸಾಲಾಗಿ ಕೂತ ಹಾಗೆ. ಸ್ವಿಚ್ ಹಾಕಿದ ಮೇಲೆ ನೀವು ಯಾವುದೇ ಕೀ ಒತ್ತಿ, ಮೊದಲ ಸಲ ಒಂದನೇ ದನಿ ಹಾಡುತ್ತದೆ, ಎರಡನೇ ಸಲ ಎರಡನೆಯದು. ಹೀಗೆ ಆರೂ ಮುಗಿದ ಮೇಲೆ ಸರದಿ ಮತ್ತೆ ಮೊದಲಿನದಕ್ಕೆ ಬರುತ್ತದೆ. ಆರೂ ಒಂದೇ ಶ್ರುತಿಯಲ್ಲಿದ್ದರೆ ಯಾರು ಹಾಡಿದರೆಂದು ಕೇಳುವವರಿಗೆ ತಿಳಿಯುವುದಿಲ್ಲ, ತಿಳಿಯಲೂಬಾರದು. ಇದರಲ್ಲಿ ಐದು ದನಿಗಳು ಹೆಚ್ಚು ಕಡಿಮೆ ಸರಿ ಇದ್ದವು. ನಾಲ್ಕನೆಯದು ಮಾತ್ರ ಪೂರ್ತಿ ಬೇಸುರ. ಕೀ ಒತ್ತಿ ಹಿಡಿದರೆ ಅದು ಶುರುವಿನಿಂದಲೇ ಒಂದಿಷ್ಟು ಕೆಳಗಿರುತ್ತಿತ್ತು, ಆಮೇಲೆ ಇನ್ನೂ ಮೆಲ್ಲಗೆ ಕೆಳಗೆ ಜಾರುತ್ತಿತ್ತು. ಅಲ್ಲಿನ ಒಂದು ಪುಟ್ಟ ಕೆಪಾಸಿಟರು ವಿದ್ಯುತ್ತನ್ನು ಹಿಡಿದಿಡದೆ ಸೋರಿಬಿಡುತ್ತಿತ್ತು. ಕಿತ್ತು ತೆಗೆದೆ, ಹೊಸದು ಹಾಕಿದೆ, ಫ್ರೀಕ್ವೆನ್ಸಿ ಮೀಟರು ಹಚ್ಚಿ ಆರೂ ದನಿಗಳನ್ನು ಒಂದೇ ಗೆರೆಯ ಮೇಲೆ ತಂದು ನಿಲ್ಲಿಸಿದೆ.

ನಾನು ಮೊದಲು ಒಂದು ಕಾರ್ಖಾನೆಯ ಕ್ಯಾಲಿಬ್ರೇಷನ್ ವಿಭಾಗದಲ್ಲಿದ್ದೆ. ಅಲ್ಲಿ ಸರಿಯಾದ ಅಳತೆಗೋಲಿಗೆಲ್ಲ ಹಸಿರು ಚೀಟಿ ಅಂಟಿಸುತ್ತಿದ್ದೆವು. ಆ ಚಟ ನನಗಿನ್ನೂ ಹೋಗಿಲ್ಲ. ಸಿಂಥಸೈಜರಿನ ಬೆನ್ನಿಗೂ ಒಂದು ಹಸಿರು ಚೀಟಿ ಹಚ್ಚಿ, ಬಂದು ಒಯ್ಯಿರಿ ಎಂದು ಫೋನು ಮಾಡಿದೆ.

ಬಂದರು. ಹುಡುಗಿ ವಾಲ್ಯೂಮ್ ಪೂರ್ತಿ ಇಳಿಸಿ, ಸದ್ದಿಲ್ಲದೆ ಒಂದೇ ಕೀಯನ್ನು ಮೂರು ಸಲ ಒತ್ತಿದಳು. ಆಮೇಲೆ ವಾಲ್ಯೂಮ್ ಏರಿಸಿದಳು.

"ಏನ್ ಮಂತ್ರ ಹಾಕ್ತೀಯವಾ ಅದಕ್ಕ?" ಎಂದೆ.

"ಹಂಗೇ ಆಂಟಿ. ಆದತ್."

ಇಂದಿನ ಮಕ್ಕಳಿಗೆ ನೂರೆಂಟು ಚಟಗಳು, ಇದೂ ಒಂದು ಎಂದುಕೊಂಡೆ. ಅವಳು ಕೆಳಗಿನ ಒಂದು ಸ್ವರವನ್ನು ಒತ್ತಿ ಹಿಡಿದು ಹಾಡಿನ ಮೊದಲ ಸಾಲು ಎತ್ತಿದಳು, ಅರ್ಧಕ್ಕೇ ನಿಲ್ಲಿಸಿದಳು. ಮತ್ತೆ ಎತ್ತಿದಳು, ಮತ್ತೆ ನಿಲ್ಲಿಸಿದಳು. ಹುಡುಗನ ಕಡೆ ನೋಡಿದಳು. ಅವನು ತಲೆಯಾಡಿಸಿ, "ವೋ ಬಾತ್ ನಹೀಂ ಆ ರಹೀ ಆಂಟಿ," ಎಂದ. ಮೊದಲಿನ ಆ ಗುಣ ಬರುತ್ತಿಲ್ಲವಂತೆ.

"ಏನ್ ತಪ್ಪಾಗೇತಿ ಹೇಳು."

"ತಪ್ಪೇನೂ ಇಲ್ಲ," ಎಂದಳು ಹುಡುಗಿ ಸಣ್ಣ ದನಿಯಲ್ಲಿ. "ಅದೇ ಪ್ರಾಬ್ಲೆಮ್."

ಈ ಉತ್ತರ ಕೇಳಿದ ಮೇಲೂ ನಾನು ಅವರನ್ನು ಮೆಟ್ಟಿಲಿಳಿಸದೆ ಚಹಾ ತರಿಸಿಕೊಟ್ಟೆ. ಆ ತಾಳ್ಮೆ ಎಲ್ಲಿಂದ ಬಂತೋ ತಿಳಿಯದು.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಯಂತ್ರ ಒಯ್ದರು, ತಂದರು, ಮತ್ತೆ ಒಯ್ದರು. ಒಂದು ದಿನ ಫಿಲ್ಟರಿನದು ದೋಷ ಎಂದರು. ಫಿಲ್ಟರು ನೋಡಿದೆ, ನೆಟ್ಟಗಿತ್ತು. ಇನ್ನೊಂದು ದಿನ, ಹೊಸ ಪವರ್ ಸಪ್ಲೈ ಬಹಳ ಕ್ಲೀನ್ ಆಗಿದೆ, ಸ್ವಲ್ಪ ಹೊಲಸು ಮಾಡಬಹುದೇ ಎಂದು ಹುಡುಗ ಕೇಳಿದ. ಮೂರನೆಯ ಸಲ ಯಾವ ದೋಷವನ್ನೂ ಹೇಳಲಿಲ್ಲ, ಕೋಟಿನ ಗುಂಡಿ ತಿರುಗಿಸುತ್ತ, "ದರ್ದ್ ಚಲಾ ಗಯಾ," ಎಂದ. ನೋವು ಹೋಗಿದೆ ಎಂದು ಗಿರಾಕಿ ತಕರಾರು ತಂದರೆ ಯಾವ ಮೀಟರು ಹಚ್ಚಿ ನೋಡಬೇಕು?

ನನಗೆ ಅರ್ಥವಾಗಲೆಂದು ಅವನು ಎಂಬತ್ತರ ದಶಕದ ಹಾಡುಗಳನ್ನು ವಾಟ್ಸಾಪಿನಲ್ಲಿ ಕಳಿಸತೊಡಗಿದ. ಬಿಡಿಭಾಗ ತರಲು ಲೋಕಲ್‌ನಲ್ಲಿ ಹೋಗುವಾಗ ಇಯರ್‌ಫೋನು ಸಿಕ್ಕಿಸಿಕೊಂಡು ಕೇಳಿದೆ. ಎಲ್ಲದರಲ್ಲೂ ಯಾವನೋ ಒಬ್ಬ ತಣ್ಣಗಿನ ಕೋಣೆಯಲ್ಲಿ ಕೂತು ಗೋಡೆಗೆ ದೂರು ಹೇಳುತ್ತಿದ್ದ, ಹಿಂದಿನಿಂದ ಫ್ರಿಜ್ಜೊಂದು ಅವನಿಗೆ ಹೂಂಗುಟ್ಟುತ್ತಿತ್ತು. ರೈಲಿನ ಮಹಿಳೆಯರ ಡಬ್ಬಿಯಲ್ಲಿ ಮೀನಿನ ಬುಟ್ಟಿಯ ಪಕ್ಕ ನಿಂತು ಇದನ್ನು ಕೇಳುವುದಕ್ಕೂ ಒಂದು ಯೋಗ ಬೇಕು. ಆದರೆ ಕೆಲಸದವಳ ಕಿವಿ ಸುಮ್ಮನಿರುವುದಿಲ್ಲ. ಆ ಹಾಡುಗಳಲ್ಲೂ ಸ್ವರಗಳು ಪೂರ್ತಿ ನಿಂತಿರಲಿಲ್ಲ, ಅಲ್ಲಲ್ಲಿ ಅಲುಗುತ್ತಿದ್ದವು. ಹಳೆಯ ಯಂತ್ರಗಳು ಬಿಸಿಯಾದರೆ ಹಾಗಾಗುತ್ತದೆ, ಅದು ಆ ಕಾಲದ ಬಡತನ. ಅದನ್ನೇ ಇವರು ಸೊಬಗು ಅನ್ನುತ್ತಾರೆಂದು ನನಗೆ ಇನ್ನಷ್ಟು ಸಿಟ್ಟು ಬಂತು.

ಯಂತ್ರ ಮಾರಿದ ಹಿರಿಯ ವಾದಕರ ನಂಬರು ತೆಗೆದುಕೊಂಡು ಫೋನು ಮಾಡಿದೆ. ಮೊದಲು ನನ್ನೂರು ಯಾವುದು, ಬೆಳಗಾವಿಯಾದರೆ ಯಾವ ಗಲ್ಲಿ ಎಂದು ವಿಚಾರಿಸಿದರು. ಆಮೇಲೆ ಮಂಡಿನೋವು ಹೇಳಿದರು. ಅದಾದ ಮೇಲೆ ವಿಷಯಕ್ಕೆ ಬಂದರು.

"ಅಕ್ಕಾರ, ಬಾಜಾ ಭಾರೀ ಐತಿ. ಭೂತದ್ ಪಿಕ್ಚರ್ ಬಂತಂದ್ರ ನನ್ನನ್ನs ಕರೀತಿದ್ರು. ಅದರಾಗ ಒಂದ್ ಆವಾಜ್ ಐತಿ ನೋಡ್ರಿ, ಹಿಂಗ ಕೆಳಗ ಇಳೀತೈತಿ. ಬಾಗಲಾ ತೆರೀತು, ಯಾರೂ ಇಲ್ಲ, ಆವಾಗ ಅದನ್ನ ಹಿಡಿಯೂದು. ಥೇಟರ್‌ದಾಗ ಮಂದಿ ಕಾಲ ಮ್ಯಾಲ ಎತ್ಕೊಂಡ್ ಕುಂದರ್ತಿದ್ರು."

"ಅದು ಸರಿ ಇದ್ದಿದ್ದಿಲ್ಲಲ್ರಿ. ಕೆಟ್ಟಿತ್ತು."

"ಕೆಟ್ಟಿತ್ತು ಅಂದ್ರ? ಹಂಗs ಇತ್ತದು. ಎರಡನೇದ್ದೋ ಮೂರನೇದ್ದೋ. ನಾ ಎಂದೂ ರಿಪೇರಿ ಮಾಡಿಸಿಲ್ಲ."

ಎರಡನೆಯದೂ ಅಲ್ಲ, ಮೂರನೆಯದೂ ಅಲ್ಲ. ಆದರೂ ನಾಲ್ಕನೆಯದರ ಸಂಶಯ ಮೊದಲ ಸಲ ಬಂದದ್ದು ಆಗ. ಬಂದದ್ದನ್ನು ನಾನೇ ತಳ್ಳಿಹಾಕಿದೆ. ಆ ದನಿ ಬರುವುದು ಆರು ಸಲಕ್ಕೊಮ್ಮೆ, ಅದೂ ಯಾವ ಕೀಗೆ ಬಂದು ಬೀಳುತ್ತದೋ ಹೇಳುವಂತಿಲ್ಲ. ಅಂಥದನ್ನು ನಂಬಿ ಯಾರಾದರೂ ಹಾಡು ಕಟ್ಟುತ್ತಾರೆಯೇ?

ಕಾರ್ಯಕ್ರಮಕ್ಕೆ ಒಂದು ವಾರವಿರುವಾಗ ಹುಡುಗಿಯ ತಾಯಿ ಫೋನು ಮಾಡಿದಳು. ಮಗಳು ಊಟ ಸರಿಯಾಗಿ ಮಾಡುತ್ತಿಲ್ಲ, ಶೋ ಬಿಡುತ್ತೇನೆ ಅನ್ನುತ್ತಿದ್ದಾಳೆ, ಒಮ್ಮೆ ಬಂದು ನೋಡಿ ಎಂದಳು. ಉರಿಬಿಸಿಲಲ್ಲಿ ಬಸ್ಸು ಹಿಡಿದು ವಿಕ್ರೋಳಿಗೆ ಹೋದೆ. ಅವರು ಅಭ್ಯಾಸ ಮಾಡುತ್ತಿದ್ದದ್ದು ಮುಚ್ಚಿದ ಒಂದು ಪ್ಯಾಕಿಂಗ್ ಶೆಡ್ಡಿನಲ್ಲಿ. ತಗಡಿನ ಮಾಡು, ಒಂದೇ ಫ್ಯಾನು. ಹುಡುಗ ಅಲ್ಲಿಯೂ ಕೋಟು ಬಿಚ್ಚಿರಲಿಲ್ಲ.

ಹುಡುಗಿ ಅದೇ ಶಾಸ್ತ್ರ ಮಾಡಿದಳು. ವಾಲ್ಯೂಮ್ ಇಳಿಸಿ ಮೂರು ಸಲ ಒತ್ತಿ, ಏರಿಸಿ ಶುರು ಮಾಡಿದಳು. ಈ ಸಲ ಪೂರ್ತಿ ಹಾಡಿದಳು. ಯಂತ್ರ ಸರಿಯಾಗಿತ್ತು, ಅವಳು ಬೇಸುರವಾಗಿದ್ದಳು. ಮೊದಲ ದೀರ್ಘ ಸ್ವರದಲ್ಲೇ ಅವಳ ಗಂಟಲು ಕೆಳಗೆ ಜಾರುತ್ತಿತ್ತು, ಯಂತ್ರ ಕದಲದೆ ಮೇಲೆಯೇ ನಿಂತಿರುತ್ತಿತ್ತು. ಅದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಗ ಹುಡುಗ ಮಧ್ಯೆ ಬಾಯಿ ಹಾಕಿ, ಇದನ್ನು ಬಿಟ್ಟು ಲ್ಯಾಪ್‌ಟಾಪಿನಲ್ಲೇ ಎಲ್ಲ ಮಾಡಿಕೊಳ್ಳೋಣ ಎಂದ. ಹುಡುಗಿ ಯಂತ್ರದ ಸ್ವಿಚ್ಚು ಆರಿಸಿಬಿಟ್ಟಳು.

"ಅದರಲ್ಲೂ ನಾನು ಹಿಂಗೇ ಹಾಡೋದು," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಚಿಕ್ಕವಳಿದ್ದಾಗ ಗುರೂಜಿ ಹೇಳಿದ್ರು ಆಂಟಿ. ನಿಂಗೆ ಸುರ್ ಇಲ್ಲ, ನಾಳೆಯಿಂದ ಬರಬೇಡ. ಎಲ್ಲರ ಮುಂದೆ. ಆಮೇಲೆ ನಾನು ಹಾಡಲೇ ಇಲ್ಲ, ಬಾಥ್‌ರೂಮಲ್ಲಿ ಭೀ ಇಲ್ಲ. ಈ ಮಶೀನ್ ಬಂದ ಮೇಲೆ ಫಸ್ಟ್ ಟೈಮ್ ನಂದು ಬರೋಬರ್ ಕೂತಿತು. ನೀವು ಇದನ್ನ ಸರಿ ಮಾಡಿದ್ರಿ. ಈಗ ಮತ್ತೆ ನಾನೇ ತಪ್ಪು."

ಇಷ್ಟು ಉದ್ದದ ಕನ್ನಡ ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅಲ್ಲಿಗೆ ಬರುವ ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಬೈಗುಳ ಒಂದೂ ಹೊರಗೆ ಬರಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಆ ಗುರೂಜಿಯ ಮೇಲೆ ಸಿಟ್ಟು ಬಂತು.

"ಮೊದಲು ಹಾಡಿದ್ದು ಫೋನ್‌ನ್ಯಾಗ ಐತೇನು? ಹಚ್ಚು," ಎಂದೆ.

ರಿಪೇರಿಗೆ ಮೊದಲಿನ ರೆಕಾರ್ಡಿಂಗ್ ಹಚ್ಚಿದರು. ಮೊದಲ ದೀರ್ಘ ಸ್ವರ ಹಿಡಿದ ಕೂಡಲೇ ಗುರುತು ಹತ್ತಿತು. ಅದು ನಾಲ್ಕನೇ ದನಿ, ನಾನು ಕಿತ್ತು ಬಿಸಾಡಿದ್ದ ಸೋರುವ ಕೆಪಾಸಿಟರು. ಸ್ವರ ಮೆಲ್ಲಗೆ ಇಳಿಯುತ್ತಿತ್ತು, ಅವಳ ಗಂಟಲೂ ಅದರ ಕೈ ಹಿಡಿದು ಇಳಿಯುತ್ತಿತ್ತು. ಇಬ್ಬರೂ ಸೇರಿ ಇಳಿದಾಗ ಅದು ಬೇಸುರವಾಗಿರಲಿಲ್ಲ. ನಿಜ ಹೇಳಬೇಕೆಂದರೆ ಮೈ ಜುಮ್ಮೆಂದಿತು.

"ಮೂರು ಸರ್ತಿ ಯಾಕ ಒತ್ತತೀ?" ಎಂದು ಕೇಳಿದೆ.

"ಈ ಹಾಡಿಗೆ ಮೂರು. ಆಮೇಲಿನದಕ್ಕೆ ಐದು. ಹಂಗೆ ಮಾಡಿದ್ರೇನೇ ಅದು ಬರ್ತದೆ."

"ಯಾಕ ಅಂತ ಗೊತ್ತದ ಏನು?"

"ಇಲ್ಲ. ಟ್ರೈ ಮಾಡ್ತಾ ಮಾಡ್ತಾ ಸಿಕ್ಕಿತು."

ನಾನು ಅಲ್ಲೇ ಇದ್ದ ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಸದ್ದಿಲ್ಲದೆ ಮೂರು ಸಲ ಒತ್ತಿದರೆ ಮೂರು ದನಿಗಳ ಸರದಿ ಮುಗಿಯುತ್ತದೆ. ಆಮೇಲಿನ ದೀರ್ಘ ಸ್ವರ ನೇರವಾಗಿ ನಾಲ್ಕನೆಯದರ ಪಾಲಿಗೆ ಬರುತ್ತದೆ. ಮುಂದಿನ ಸ್ವರಗಳನ್ನೂ ಅವಳು ಆರರ ಸುತ್ತಿನಲ್ಲೇ ಹೆಣೆದಿದ್ದಳು, ಹಾಗಾಗಿ ಪ್ರತಿ ಸುತ್ತಿನಲ್ಲೂ ಜಾರುವ ದನಿ ಅದೇ ಜಾಗಕ್ಕೆ ಮರಳುತ್ತಿತ್ತು. ಹಾಡು ಮುಗಿಯುವುದೂ ಆ ದನಿಯಲ್ಲೇ, ಅದಕ್ಕೇ ಅದರ ಹಿಂದೆಯೇ ಬರುವ ಹಾಡಿಗೆ ಐದು. ಯಂತ್ರದ ಒಳಗೆ ಏನಿದೆಯೆಂದು ತಿಳಿಯದ ಹುಡುಗಿ ಅದರ ದೋಷ ಎಲ್ಲಿ ಬೀಳಬೇಕೆಂದು ತಾನೇ ನಿಶ್ಚಯಿಸಿಕೊಂಡಿದ್ದಳು. ನಾನು ಅದನ್ನು ಮಂತ್ರ ಎಂದು ಗೇಲಿ ಮಾಡಿದ್ದೆ. ಇದನ್ನು ಅವಳು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕೆನಿಸಿತು. ಹೇಳಲು ಅವಳಿಗೂ ಗೊತ್ತಿರಲಿಲ್ಲ.

ಗೋರೆಗಾಂವ್‌ಗೆ ಮರಳುವಾಗ ಬಸ್ಸಿನಲ್ಲಿ ನನ್ನೊಳಗೇ ವಾದ ನಡೆದಿತ್ತು. ಕೆಟ್ಟ ಭಾಗವನ್ನು ತೆಗೆದು ಒಳ್ಳೆಯದನ್ನು ಹಾಕುವುದು ನನ್ನ ಕೆಲಸ. ಒಳ್ಳೆಯದನ್ನು ಕಿತ್ತು ಕೆಟ್ಟದ್ದನ್ನು ಹಾಕಿದವರನ್ನು ಕಾರ್ಖಾನೆಯಲ್ಲಿ ಗೇಟಿನಾಚೆ ಕಳಿಸುತ್ತಿದ್ದರು. ಅವಳಿಗೆ ಒಳ್ಳೆಯ ಗುರುವನ್ನು ಹುಡುಕಿಕೊಟ್ಟು ಶ್ರುತಿ ಕಲಿಸಬಹುದಲ್ಲ ಎಂದೂ ಯೋಚಿಸಿದೆ. ಆದರೆ ಅವಳಿಗೆ ಶ್ರುತಿಯ ಕಿವಿ ಇಲ್ಲ ಎಂದು ಇನ್ನು ನಾನು ಹೇಳುವಂತಿರಲಿಲ್ಲ. ಕಿವಿ ಇಲ್ಲದವಳು ಆ ಸಣ್ಣ ಜಾರುವಿಕೆಯ ಜೊತೆಗೆ ಕೂದಲೆಳೆ ತಪ್ಪದೆ ಇಳಿಯಲು ಸಾಧ್ಯವಿರಲಿಲ್ಲ. ಗಾಲಾಕ್ಕೆ ಬಂದವಳು ಚೀಲ ಇಳಿಸುವ ಮೊದಲೇ ಕಸದ ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ.

ನಾನು ಕಿತ್ತ ಬಿಡಿಭಾಗಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕುತ್ತೇನೆ. ಅದರಲ್ಲಿ ಆ ತಿಂಗಳ ಎಲ್ಲ ಯಂತ್ರಗಳ ಅವಶೇಷ ಸೇರಿತ್ತು. ಒಂದೇ ಬಣ್ಣ, ಒಂದೇ ಗಾತ್ರದ ಕೆಪಾಸಿಟರುಗಳು ಬೊಗಸೆ ತುಂಬ ಬಂದವು. ಒಂದೊಂದಕ್ಕೂ ವಿದ್ಯುತ್ತು ತುಂಬಿಸಿ, ಮೀಟರಿನ ಮುಳ್ಳು ನೋಡುತ್ತ ಕುಳಿತೆ. ಕೆಲವು ತಕ್ಷಣ ಸತ್ತವು. ಕೆಲವು ಅಲ್ಲಾಡದೆ ನಿಂತವು, ಅವು ಚೆನ್ನಾಗಿಯೇ ಇದ್ದವು, ಯಾಕೆ ಕಿತ್ತೆನೋ. ನನಗೆ ಬೇಕಾದದ್ದು ನಿಧಾನವಾಗಿ ಸೋರುವಂಥದು. ಕೊನೆಗೂ ಒಂದರ ಮುಳ್ಳು ಅವಸರವಿಲ್ಲದೆ ಕೆಳಗಿಳಿಯಿತು. ಮರುದಿನ ಯಂತ್ರವನ್ನು ತರಿಸಿಕೊಂಡು, ಚೊಕ್ಕ ಮಾಡಿದ್ದ ಬೋರ್ಡಿನ ಮೇಲೆ, ಹೊಸದನ್ನು ಕಿತ್ತು, ಆ ಕೊಳಕು ಭಾಗವನ್ನು ನನ್ನ ಕೈಯಾರೆ ಬೆಸುಗೆ ಹಾಕಿದೆ. ಕೈ ಒಲ್ಲೆ ಅನ್ನುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗಿ ಬಂದು ಕೇಳಿ, "ಹತ್ತಿರ ಬಂತು, ಆದರೆ ಅಲ್ಲ," ಎಂದಳು. ಅಷ್ಟರಲ್ಲಿ ನನಗೂ ಗೊತ್ತಾಗಿತ್ತು. ನನ್ನ ಕೋಣೆಯಲ್ಲಿ ಎಸಿ ಇದೆ, ಅವರ ಶೆಡ್ಡಿನಲ್ಲಿ ಕಾದ ತಗಡು. ಬಿಸಿಗೆ ಆ ಭಾಗ ಹೆಚ್ಚು ಸೋರುತ್ತದೆ. ಯಂತ್ರವನ್ನು ಮತ್ತೆ ಮೆಟ್ಟಿಲಿಳಿಸಿ, ಆಟೋದಲ್ಲಿ ಹಾಕಿ, ಮಟಮಟ ಮಧ್ಯಾಹ್ನ ಆ ಶೆಡ್ಡಿನಲ್ಲೇ ಬಿಚ್ಚಿದೆ. ಮೀಟರನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಅವಳು ದೀರ್ಘ ಸ್ವರ ಹಿಡಿದು ಹಾಡುತ್ತ ಹೋದಳು, ನಾನು ಅವಳ ಗಂಟಲು ಕೇಳುತ್ತ ನಾಲ್ಕನೇ ದನಿಯ ಸ್ಕ್ರೂವನ್ನು ಎಳೆಯೆಳೆಯಾಗಿ ತಿರುಗಿಸುತ್ತ ಹೋದೆ. ಒಂದು ಹಂತದಲ್ಲಿ ಅವಳು ಕಣ್ಣು ಮುಚ್ಚಿಕೊಂಡಳು. ನಾನು ಕೈ ತೆಗೆದೆ.

ಹುಡುಗ ಗೋಡೆಗೆ ಒರಗಿ ನಿಂತು, "ಬಸ್, ಯಹೀ," ಎಂದ.

ಮುಚ್ಚಳ ಹಾಕಿ, ಬೆನ್ನಿಗೆ ನಾನೇ ಹಚ್ಚಿದ್ದ ಹಸಿರು ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದೆ. ಹುಡುಗಿ ನೋಡುತ್ತಿದ್ದಳು.

"ಅದು ಇರಲಿ ಅಲ್ಲಾ ಆಂಟಿ. ಚಂದ ಇತ್ತು."

"ಇಂಥಾದ್ದಕ್ಕೆಲ್ಲಾ ಹಚ್ಚೂದಿಲ್ಲ," ಎಂದೆ.

ಕಾರ್ಯಕ್ರಮಕ್ಕೆ ನಾನು ಹೋದದ್ದು ಸಂಗೀತ ಕೇಳಲು ಅಲ್ಲ. ಅಂಧೇರಿಯ ಆ ಹಾಲಿನಲ್ಲಿ ಎಸಿ ಇದ್ದೇ ಇರುತ್ತದೆ, ಯಂತ್ರ ತಣ್ಣಗಾಗದಂತೆ ಅದೇ ಗೋಧಡಿ ಹೊದಿಸಿ ಇಡಲು ಒಬ್ಬರು ಬೇಕಿತ್ತು. ಸಂಜೆ ಮೆಟ್ರೋ ಇಳಿದು ಹೋದರೆ ಹಾಲಿನ ತುಂಬ ಕಪ್ಪು ಬಟ್ಟೆಯವರೇ. ಊರಿನ ಕಾಡಿಗೆಯೆಲ್ಲ ಅಲ್ಲಿಗೆ ಬಂದಂತಿತ್ತು. ತಾವು ಹುಟ್ಟುವ ಮೊದಲಿನ ದುಃಖ ಇವರಿಗೇಕೆ ಬೇಕೋ ನನಗಂತೂ ತಿಳಿಯಲಿಲ್ಲ, ಆದರೆ ಬೇಕಾಗಿದೆ ಎಂಬುದು ಕಾಣುತ್ತಿತ್ತು. ಬಿಳಿ ಹೂಗಳ ಕಾಟನ್ ಸೀರೆ ಉಟ್ಟವಳು ನಾನೊಬ್ಬಳೇ. ವೇದಿಕೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಹುಡುಗಿ ಯಂತ್ರದ ಸ್ವಿಚ್ಚು ಹಾಕಿ, ಬಿಸಿಯಾಗಲಿ ಎಂದು ಬಿಟ್ಟು, ನೀರು ಕುಡಿಯಲು ಒಳಗೆ ಹೋದಳು. ಅವಳ ತಾಯಿ ಮೊದಲ ಸಾಲಿನಲ್ಲಿ ಕೂತಿದ್ದಳು, ಮಗಳು ಹಾಡುವುದನ್ನು ಅವಳು ಕೇಳಿ ಎಷ್ಟೋ ವರ್ಷವಾಗಿತ್ತು.

ಆಗ ಹಾಲಿನ ಸೌಂಡ್ ಮನುಷ್ಯ ಬಂದ. ತಂತಿ ಎಳೆದು ನೋಡಿದ, ಗೋಧಡಿಯನ್ನು ಪಕ್ಕಕ್ಕೆ ಸರಿಸಿದ. ನಾನು ಏಳುವಷ್ಟರಲ್ಲಿ ಲೈನು ಬರುತ್ತಿದೆಯೇ ಎಂದು ಒಂದು ಕೀ ಒತ್ತಿದ, ಇನ್ನೊಂದು ಒತ್ತಿದ, "ಚಾಲೂ ಹೈ," ಎಂದು ಯಾರಿಗೋ ಕೈ ಮಾಡಿ ಹೋದ.

ಎರಡು ದನಿಗಳ ಸರದಿ ಮುಗಿದುಹೋಗಿತ್ತು. ಹುಡುಗಿಗೆ ಅದು ಗೊತ್ತಿರಲಿಲ್ಲ. ಅವಳು ಬಂದು ಎಂದಿನಂತೆ ಮೂರು ಸಲ ಒತ್ತಿದರೆ ಐದರ ಸರದಿ ಮುಗಿಯುತ್ತದೆ, ದೀರ್ಘ ಸ್ವರ ಆರನೆಯದಕ್ಕೆ ಹೋಗುತ್ತದೆ. ಆರನೆಯದನ್ನು ನಾನೇ ಕದಲದಂತೆ ನಿಲ್ಲಿಸಿದ್ದೆ. ಅಷ್ಟು ಜನರ ಮುಂದೆ ಅವಳು ಮತ್ತೆ ಬೇಸುರವಾಗುತ್ತಾಳೆ.

ದೀಪ ಆರಿತು. ಕಪ್ಪು ಬಟ್ಟೆಯವರು ಸೀಟಿ ಹೊಡೆದರು. ಹುಡುಗಿ ಬಂದು ನಿಂತು ವಾಲ್ಯೂಮ್ ಇಳಿಸಿದಳು. ಒಮ್ಮೆ ಒತ್ತಿದಳು.

ನಾನು ಸ್ಟೂಲಿನಿಂದೆದ್ದು ಕೂಗಿದೆ. "ಸಾಕು. ಒಂದs ಸಾಕು. ಅವಾಗಲೇ ಎರಡು ಆಗ್ಯಾವ, ಅಂವ ಮುಟ್ಟ್ಯಾನ."

ಆ ಹಾಲಿನಲ್ಲಿ ನನ್ನ ಕನ್ನಡ ತಿಳಿದವರು ಇಬ್ಬರೇ, ಅವಳು ಮತ್ತು ಅವಳ ತಾಯಿ. ಹುಡುಗಿಯ ಬೆರಳು ಕೀಯ ಮೇಲೆಯೇ ನಿಂತಿತು. ನನ್ನ ಕಡೆ ನೋಡಿದಳು. ಆಯುಷ್ಯವೆಲ್ಲ ಮುಳ್ಳು ಸರಿ ಜಾಗದಲ್ಲಿ ನಿಲ್ಲಲಿ ಎಂದು ದುಡಿದವಳು, ತಪ್ಪು ದನಿ ತಪ್ಪದೆ ಬರಲಿ ಎಂದು ಒಂದು ಬೆರಳೆತ್ತಿ ನಿಂತಿದ್ದೆ. ಅವಳು ತಲೆಯಾಡಿಸಿ, ವಾಲ್ಯೂಮ್ ಏರಿಸಿ, ದೀರ್ಘ ಸ್ವರ ಹಿಡಿದಳು.

ಅದು ಇಳಿಯಿತು. ಅವಳೂ ಇಳಿದಳು. ಮೊದಲ ಸಾಲಿನಲ್ಲಿ ಅವಳ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಬೆರಳು ಇಳಿಸುವುದನ್ನೇ ಮರೆತು, ಆ ಹಾಡು ಮುಗಿಯುವವರೆಗೂ ಹಾಗೆಯೇ ನಿಂತಿದ್ದೆ.

ಆ ಸಂಗೀತ ನನಗೆ ಇವತ್ತಿಗೂ ಸೇರುವುದಿಲ್ಲ. ಹುಡುಗ ಹಾಡು ಕಳಿಸುವುದನ್ನು ನಿಲ್ಲಿಸಿಲ್ಲ. ಮೊನ್ನೆ ಸಿಂಥಸೈಜರ್ ಮತ್ತೆ ಬಂದಿತ್ತು, ಈ ಸಲ ನಿಜವಾಗಿಯೂ ಒಂದು ಕೀ ಮುರಿದಿತ್ತು. ಹೊಸ ಕೀ ಹಾಕಿ, ಮುಚ್ಚುವ ಮೊದಲು ನಾಲ್ಕನೇ ದನಿಯನ್ನು ಒಮ್ಮೆ ಹಿಡಿದು ಕೇಳಿದೆ. ನೆಟ್ಟಗೆ ಜಾರುತ್ತಿತ್ತು. ಹೊಸದೊಂದು ಹಸಿರು ಚೀಟಿ ತೆಗೆದು ಬೆನ್ನಿಗೆ ಹಚ್ಚಿದೆ.